ಎಲ್ಲ ವಾರವೂ ಐತವಾರವಾದ ಮಳೆಗಾಲ

ಹೋದ ವಾರ ಪಕ್ಕದ ಮನೆಯ ಶಾಂತಕ್ಕನಿಗೆ ಸ್ಕ್ಯಾನಿಂಗ್ ಬರೆದುಕೊಟ್ಟಿದ್ದರು. ಒಬ್ಬಳೇ ಹೋಗಲು ಅಂಜುತ್ತಾಳೆಂದು ಜೊತೆಗೆ ಮಿರಜಿಗೆ ಹೋದೆ. ಆಸ್ಪತ್ರೆಯ ಬಾಕಿನ ಮೇಲೆ ಕೂತಿದ್ದಾಗ ವಾರ್ಡಿನ ಊಟದ ಗಾಡಿ ಬಂತು. ಹುಡುಗಿಯೊಬ್ಬಳು ಸ್ಟೀಲಿನ ಡಬ್ಬಿಯ ಮುಚ್ಚಳ ತೆಗೆದು ಬಟ್ಟಲುಗಳಿಗೆ ಬೇಳೆ ಹಾಕತೊಡಗಿದಳು. ಉಪ್ಪು ಹಾಕದ ಹೆಸರುಬೇಳೆ. ಉಪ್ಪಿಗೆ ವಾಸನೆಯಿಲ್ಲ ಎನ್ನುತ್ತಾರೆ, ಇರಲಿಕ್ಕಿಲ್ಲ. ಆದರೆ ಉಪ್ಪಿಲ್ಲದ ಬೇಳೆಗೆ ಒಂದು ವಾಸನೆಯಿದೆ, ಮಳೆಗಾಲದಲ್ಲಿ ಒಣಗದೆ ಉಳಿದ ಅರಿವೆಯಂಥದ್ದು. ಅದು ಮೂಗಿಗೆ ಬಡಿದದ್ದೇ ಬಾಕಿನಿಂದ ಎದ್ದು ನಿಂತೆ.

"ಯಾಕ ವೈನಿ, ಮಾರಿ ಯಾಕ ಹಂಗ ಬೆಳ್ಳಗಾತು? ಸ್ಕ್ಯಾನಿಂಗ್ ನನಗೋ ನಿಮಗೋ?" ಎಂದಳು ಶಾಂತಕ್ಕ.

ಏನಿಲ್ಲ ಎಂದೆ. ಐದಾರು ವರ್ಷ ಕಳೆದರೂ ಆ ಮಳೆಗಾಲ ಹೀಗೆ ಹೇಳದೆ ಕೇಳದೆ ಎದುರು ಬಂದು ನಿಲ್ಲುತ್ತದೆ.

ಆಗ ನನಗೆ ನಲವತ್ತೇಳು. ಮಗಳ ಮದುವೆಯಾಗಿತ್ತು. ನಮ್ಮ ಮನೆ ಸಾಂಗ್ಲಿವಾಡಿಯಲ್ಲಿ, ಸಾಂಗ್ಲಿಯಿಂದ ಕೃಷ್ಣೆಯ ಪೂಲು, ಅಂದರೆ ಸೇತುವೆ, ದಾಟಿದರೆ ಸಿಗುವ ಊರು. ಅರಿಸಿನ, ಕಬ್ಬು, ಎರಡು ಎಮ್ಮೆ. ಲಗ್ನಕ್ಕೆ ಮುಂಚೆ ಮುಗಿಸಿದ ಹೋಮ್ ಸೈನ್ಸ್ ಡಿಗ್ರಿ ಟ್ರಂಕಿನ ತಳದಲ್ಲಿ, ಹಳೆಯ ರೇಷ್ಮೆ ಸೀರೆಗಳ ಕೆಳಗೆ, ನುಸಿಗುಳಿಗೆಯ ವಾಸನೆ ಹಿಡಿದು ಮಲಗಿತ್ತು. ಮಗಳೇ ಅದನ್ನು ಹೊರಗೆಳೆದು ಆಹಾರ ಚಿಕಿತ್ಸೆಯ ಒಂದು ವರ್ಷದ ಕೋರ್ಸಿಗೆ ನನ್ನ ಹೆಸರು ಹಚ್ಚಿಸಿದಳು. ಯಾವ ರೋಗಕ್ಕೆ ಯಾವ ಊಟ, ಎಷ್ಟು ಊಟ ಎಂದು ಗೊತ್ತುಮಾಡಿಕೊಡುವ ವಿದ್ಯೆ. ಮುಂಜಾನೆ ಸಾಂಗ್ಲಿಯಲ್ಲಿ ಪಾಠ, ಮಧ್ಯಾಹ್ನ ಮಿರಜಿನ ಆಸ್ಪತ್ರೆಯ ಅಡಿಗೆಮನೆ ಮತ್ತು ವಾರ್ಡು.

ಅತ್ತೆಯವರಿಗೆ ಇದೆಲ್ಲ ಒಂದು ತಮಾಷೆ.

"ಅಡಿಗಿ ಕಲಿಯಾಕ ದವಾಖಾನಿಗೆ ಹೋಗಬೇಕೇನ? ಇಷ್ಟ್ ವರ್ಷ ನಮಗ ಮಾಡಿ ಹಾಕಿದ್ದು ಏನ ಹಂಗಾರ?" ಎಂದು ಕೇಳಿದರು. ಅದರ ಬೆನ್ನಿಗೇ, "ಛತ್ರಿ ತಗೊಂಡಿಯಿಲ್ಲ? ಪೂಲಿನ ಮ್ಯಾಲ ಗಾಳಿ ಭಾಳ" ಎಂದರು. ಹಂಗಿಸುವುದೂ ಕಾಳಜಿಯೂ ಒಂದೇ ಉಸಿರಿನಲ್ಲಿ ಬರುತ್ತಿದ್ದ ಬಾಯಿ ಅದು. ಆ ಬಾಯಿಯೇ ಸುಮ್ಮನಾಗುತ್ತದೆಂದು ಯಾರು ಅಂದುಕೊಂಡಿದ್ದರು?

ಕೋರ್ಸಿನ ಮೊದಲ ದಿನಗಳಲ್ಲಿ ನಾನು ಬೆಚ್ಚಿಬೀಳದೆ ಮನೆಗೆ ಬಂದದ್ದೇ ಕಡಿಮೆ. ಕಿಡ್ನಿ ಕೆಟ್ಟವರು ಎಳನೀರು ಕುಡಿದರೆ ಎದೆಬಡಿತವೇ ತಪ್ಪಬಹುದು ಎಂದು ದೇಶಪಾಂಡೆ ಮ್ಯಾಡಮ್ ಹೇಳಿದ ದಿನ ನನಗೆ ಮಧ್ಯಾಹ್ನದ ರೊಟ್ಟಿ ಇಳಿಯಲಿಲ್ಲ. ಯಾರಿಗೆ ಏನೇ ಆದರೂ ಮೊದಲು ಎಳನೀರು ಎನ್ನುವ ಮನೆಯಲ್ಲಿ ಬೆಳೆದವಳು ನಾನು. ಮ್ಯಾಡಮ್ ಆಸ್ಪತ್ರೆಯ ಆಹಾರ ವಿಭಾಗದ ಮುಖ್ಯಸ್ಥೆ. ಅವರಿಗೆ ಕನ್ನಡ, ಮರಾಠಿ ಎರಡೂ ಸಲೀಸು. ನನ್ನ ಜೊತೆ ಕಲಿಯುತ್ತಿದ್ದ ಶೀತಲ್ ಖಂಡೇರಾಜುರಿಯ ಹುಡುಗಿ, ನನ್ನ ಮಗಳಿಗಿಂತ ಚಿಕ್ಕವಳು. ಕನ್ನಡ ಅವಳಿಗೆ ಪೂರ್ತಿ ತಿಳಿಯುತ್ತಿತ್ತು. ಆಡಲು ಹೋದರೆ ಅರ್ಧದಲ್ಲೇ ಮರಾಠಿಗೆ ಜಾರುತ್ತಿದ್ದಳು.

"ಕಾಕು, ನಿಮ್ಮ ಮಾರಿ ನೋಡಿ ಪೇಶಂಟೇ ಘಾಬರತಾತ. ಜರಾ ಹಸಾ ನಾ!" ಸ್ವಲ್ಪ ನಗಿರಿ ಎಂದು ಹೇಳಿ ನನ್ನನ್ನು ನಗಿಸುತ್ತಿದ್ದಳು.

ನಾವು ಕಲಿತ ಮೊದಲ ಕೆಲಸ ಕೇಳುವುದು. ನಿನ್ನೆ ಎದ್ದಾಗಿನಿಂದ ಇವತ್ತು ಏಳುವ ತನಕ ಬಾಯಿಗೆ ಏನೇನು ಹೋಯಿತು? ಸುಲಭವೆನ್ನಿಸುತ್ತದೆ. ಲಿಂಗನೂರಿನಿಂದ ಬಂದಿದ್ದ ಸಕ್ಕರೆ ಕಾಯಿಲೆಯ ಹಿರಿಯರೊಬ್ಬರು, "ಏನೂ ತಿನ್ನಂಗಿಲ್ಲರಿ ಬಾಯಿ, ಬರೇ ಚಾ" ಎಂದರು. ಹಿಂದೆ ನಿಂತಿದ್ದ ಅವರ ಹೆಂಡತಿ, "ಚಾದಾಗ ಎದ್ದಿ ಎದ್ದಿ ತಿನ್ನೋ ಖಾರಿ ಪುಡಾ ಯಾರ ಹೊಟ್ಟಿಗೆ ಹೋಗತಾವರಿ?" ಎಂದರು. ಇಡೀ ವಾರ್ಡು ನಕ್ಕಿತು. ಹೊರಗೆ ಬಂದ ಮೇಲೆ ಮ್ಯಾಡಮ್ ಹೇಳಿದರು: "ಅವರು ಸುಳ್ಳ ಹೇಳಲಿಲ್ಲ, ಅವರಿಗೆ ಅದು ತಿಂದಂಗ ಅನಸೇ ಇಲ್ಲ. ಹೇಳಾಕ ಆಗದವರು ಇದ್ರ ಅವರ ಅಡಿಗಿಮನಿಗೆ ಹೋಗಿ ಡಬ್ಬಿ ತಗದ ನೋಡ್ರಿ."

ನಮ್ಮ ಅತ್ತೆಯವರ ಅಡಿಗೆಮನೆ ಬೇರೆ. ನಮ್ಮ ಜೈನರಲ್ಲಿ ಕೆಲವು ಹಿರಿಯರು ವ್ರತ ಹಿಡಿದ ಮೇಲೆ ತಮ್ಮ ಊಟ ತಾವೇ ಮಾಡಿಕೊಳ್ಳುತ್ತಾರೆ. ಮಿಂದು, ಬೇರೆ ಸೀರೆಯುಟ್ಟು, ಸೋಸಿ ಕಾಯಿಸಿದ ನೀರಿನಲ್ಲಿ. ಹೊರಗೆ ತಿರುಗಿ ಬಂದವರು ಹಾಗೇ ಆ ಹೊಸ್ತಿಲು ದಾಟುವಂತಿಲ್ಲ. ಹಿತ್ತಲ ಕಡೆಯ ಆ ಚಿಕ್ಕ ಕೋಣೆಯಿಂದ ಒಗ್ಗರಣೆಯ ಸದ್ದು ಬರುತ್ತಿತ್ತು, ಹೊತ್ತು ಮುಳುಗುವ ಮೊದಲು ತಟ್ಟೆ ತೊಳೆದ ಸದ್ದು ಬರುತ್ತಿತ್ತು. ಒಳಗೆ ಏನು ಬೇಯುತ್ತಿತ್ತೆಂದು ನಮಗೆ ತಿಳಿಯುತ್ತಿರಲಿಲ್ಲ. ಇದರ ಜೊತೆ ವಾರವಾರದ ನೇಮ. ಐತವಾರ ಉಪ್ಪು ಬಿಡುವುದು, ಮಂಗಳವಾರ ಸಿಹಿ, ಬುಧವಾರ ತುಪ್ಪ, ಗುರುವಾರ ಹಾಲು, ಹೀಗೆ ಒಂದೊಂದು ದಿನ ಒಂದೊಂದು ರಸ. ನಾಲಿಗೆಯ ಚಪಲಕ್ಕೆ ಮೂಗುದಾರ. ನಾನು ಮದುವೆಯಾಗಿ ಬಂದಾಗಿನಿಂದ ನೋಡಿದ್ದೇನೆ, ಇವತ್ತು ಯಾವ ವಾರ ಎಂದು ತಿಳಿಯಲು ನಮ್ಮ ಮನೆಯಲ್ಲಿ ಯಾರೂ ಕ್ಯಾಲೆಂಡರ್ ನೋಡಿದವರಲ್ಲ, ಅತ್ತೆ ಏನು ಬಿಟ್ಟಿದ್ದಾರೆಂದು ನೋಡಿದರೆ ಸಾಕು.

ಆ ವರ್ಷ ಆಷಾಢದಲ್ಲಿ ನಮ್ಮ ಬಸದಿಗೆ ಮಾತಾಜಿಯೊಬ್ಬರು, ಜೈನ ಸನ್ಯಾಸಿನಿ, ಚಾತುರ್ಮಾಸಕ್ಕೆ ಬಂದು ನಿಂತರು. ಮಳೆಗಾಲದ ನಾಲ್ಕು ತಿಂಗಳು ಅವರು ಊರೂರು ನಡೆಯದೆ ಒಂದೇ ಕಡೆ ಇರುತ್ತಾರೆ. ಅತ್ತೆ ದಿನಾ ಪ್ರವಚನಕ್ಕೆ ಹೋಗಿಬರುತ್ತಿದ್ದರು. ಮಳೆಯೂ ಬಿಡದೆ ಹಿಡಿಯಿತು. ನಾನು ಬಸ್ಸಿನ ಕಿಟಕಿಯಿಂದ ದಿನವೂ ನೋಡುತ್ತಿದ್ದೆ, ಕೃಷ್ಣೆ ಕೆಂಪಾಗಿ, ದಪ್ಪವಾಗಿ, ಘಾಟಿನ ಮೆಟ್ಟಿಲುಗಳನ್ನು ಒಂದೊಂದೇ ನುಂಗುತ್ತಿತ್ತು.

ಶ್ರಾವಣ ಮುಗಿಯುವ ಹೊತ್ತಿಗೆ ಅತ್ತೆ ಬದಲಾಗಿದ್ದರು. ಮೊದಲು ಹಂಗಿಸುವುದು ನಿಂತಿತು. ಆಮೇಲೆ ಛತ್ರಿ ಕೇಳುವುದು ನಿಂತಿತು. ಬಾಗಿಲ ಪಕ್ಕ ಗೋಡೆಗೆ ಒರಗಿ ಕೂತು ಎದುರಿನ ಗೋಡೆ ನೋಡುವರು. ಕರೆದರೆ ತಡವಾಗಿ ತಿರುಗುವರು. ಊಟ ಒಂದು ಹಿಡಿಗೆ ಇಳಿಯಿತು. ನಡೆಯುವಾಗ ಗೋಡೆ ಹಿಡಿಯತೊಡಗಿದರು. ಎಂಬತ್ತರ ಹತ್ತಿರದ ಜೀವ, ವಯಸ್ಸಾಯಿತು ಎಂದುಕೊಂಡೆವು. ಬಿಪಿಯ ಗುಳಿಗೆಯನ್ನು ನಮ್ಮವರು ದಿನಾ ಮುಂಜಾನೆ ತಪ್ಪದೆ ಅವರ ಕೈಗೆ ಕೊಡುತ್ತಿದ್ದರು.

ನಮ್ಮವರ ಅಕ್ಕ ಸುಮನ್ ಅವರ ಮನೆ ಸಾಂಗ್ಲಿಯ ಪೇಟೆಯಲ್ಲಿ. ಅವರು ಬಂದು ತಾಯಿಯ ಎದುರು ಬಹಳ ಹೊತ್ತು ಕೂತರು. ಕಣ್ಣೊರೆಸಿಕೊಳ್ಳುತ್ತ ಹೊರಗೆ ಬಂದು, "ಅವ್ವಗ ವೈರಾಗ್ಯ ಬಂದೈತಿ. ನಮ್ಮ ಮನಿತನದ ಪುಣ್ಯಾ" ಎಂದರು.

ಓಣಿಯ ಹೆಂಗಸರು ಬರತೊಡಗಿದರು. ಅತ್ತೆಯ ಕಾಲು ಮುಟ್ಟಿ, ಕಣ್ಣಿಗೊತ್ತಿಕೊಂಡು, "ಮಾತ ಬಿಟ್ಟಾರ, ರುಚಿ ಬಿಟ್ಟಾರ, ಇನ್ನೇನ ಉಳೀತು" ಎಂದು ಮೆಲ್ಲಗೆ ಮಾತಾಡಿಕೊಳ್ಳುವರು. ಅತ್ತೆ ಅವರ ತಲೆಯ ಮೇಲಿಂದ ಗೋಡೆ ನೋಡುವರು. ಅನ್ನ ನೀರು ಒಂದೊಂದಾಗಿ ಬಿಟ್ಟು ಸಾವನ್ನು ಎಚ್ಚರದಲ್ಲೇ ಎದುರುಗೊಳ್ಳುವುದಕ್ಕೆ ನಮ್ಮಲ್ಲಿ ಸಲ್ಲೇಖನ ಎನ್ನುತ್ತಾರೆ, ವ್ರತಗಳಲ್ಲೇ ದೊಡ್ಡದು. ಆ ಮಾತನ್ನು ನಮ್ಮ ಪಡಸಾಲೆಯಲ್ಲಿ ಮೊದಲು ಯಾರು ಆಡಿದರೋ ಗೊತ್ತಿಲ್ಲ. ಒಂದು ದಿನ ನಾನು ಮಿರಜಿನಿಂದ ಬಂದಾಗ ದೇವರ ಗೂಡಿನ ಪಕ್ಕ, ಆ ವ್ರತ ಹಿಡಿದವರು ಉಡುವಂಥ ಒಂದು ಬಿಳಿ ಸೀರೆ ಇತ್ತು. ಸುಮನ್ ಅಕ್ಕ ತಂದಿಟ್ಟಿದ್ದರು. ಅಂಗಡಿಯ ಮಡಿಕೆ ಬಿಚ್ಚಿರಲಿಲ್ಲ. ನಾನು ಒದ್ದೆ ಛತ್ರಿ ಕೈಯಲ್ಲಿ ಹಿಡಿದುಕೊಂಡೇ ನಿಂತುಬಿಟ್ಟೆ. ನೆಲದ ಮೇಲೆ ನೀರು ಹರಿದದ್ದೂ ತಿಳಿಯಲಿಲ್ಲ. ಮೊನ್ನೆ ಮೊನ್ನೆಯವರೆಗೆ ನನ್ನ ಸಾರನ್ನು ಕೊಟ್ಟಿಗೆಯ ಕಲಗಚ್ಚಿಗೆ ಹೋಲಿಸುತ್ತಿದ್ದವರಿಗೆ ಬಿಳಿ ಸೀರೆ!

ಅದೇ ವಾರ ಮ್ಯಾಡಮ್ ನಮ್ಮನ್ನು ಒಂದು ಹಾಸಿಗೆಯ ಬಳಿಗೆ ಕರೆದೊಯ್ದರು. ಮುದುಕರೊಬ್ಬರು ಮೇಲ್ಚಾವಣಿ ನೋಡುತ್ತ ಮಲಗಿದ್ದರು. ತಲೆ ಕೆಟ್ಟಿದೆ, ಯಾರ ಗುರುತೂ ಹತ್ತುತ್ತಿಲ್ಲ ಎಂದು ಮಗ ಮರಾಠಿಯಲ್ಲಿ ಹೇಳುತ್ತಿದ್ದ.

"ತಲಿ ಕೆಟ್ಟಿಲ್ಲ" ಎಂದರು ಮ್ಯಾಡಮ್ ನಮ್ಮ ಕಡೆ ತಿರುಗಿ. "ರಕ್ತದಾಗ ಉಪ್ಪು ಇಳದೈತಿ, ಸೋಡಿಯಂ. ವಯಸ್ಸಾದವರು ಸುಮ್ಮಾದ್ರ, ಜೋಲಿ ಹೊಡದ್ರ, ಊಟಾ ಬಿಟ್ರ, ಮೊದಲ ಇದನ್ನ ನೋಡಬೇಕು."

ನಾನು ಆ ಮುದುಕರ ಕಣ್ಣು ನೋಡಿದೆ. ಅದೇ ಕಣ್ಣುಗಳನ್ನು ಆ ದಿನ ಮುಂಜಾನೆ ನಮ್ಮ ಮನೆಯ ಬಾಗಿಲ ಪಕ್ಕ ನೋಡಿ ಬಂದಿದ್ದೆ. ಶೀತಲ್ ನನ್ನ ಮೊಣಕೈ ಹಿಡಿದಳು. "ಕಾಕು, ಕಾಯ ಝಾಲಂ?" ಏನಾಯಿತೆಂದು ಅವಳು ಕೇಳುತ್ತಿರುವಾಗಲೇ ಚೀಲ ಎತ್ತಿಕೊಂಡು ಬಸ್ಸಿಗೆ ಓಡಿದೆ.

ಮನೆಗೆ ಬಂದವಳೇ ಅತ್ತೆಯ ಎದುರು ಕೂತೆ.

"ಅತ್ತೀ, ನಿನ್ನೆ ಏನ ಉಂಡ್ರಿ?"

ಬಹಳ ಹೊತ್ತು ನನ್ನ ಮುಖ ನೋಡಿದರು. ಆಮೇಲೆ ಸಣ್ಣ ದನಿಯಲ್ಲಿ, "ನೀವ ಯಾರ ಪೈಕಿರಿ?" ಎಂದರು.

ಎದ್ದು ಹೋಗಿ ತಣ್ಣೀರು ಸುರಿದುಕೊಂಡೆ. ಅಂಥ ಹೊತ್ತಿನಲ್ಲೂ ಮೀಯದೆ ಆ ಕೋಣೆಗೆ ಹೋಗಲು ಕಾಲು ಬರಲಿಲ್ಲ ನೋಡಿ. ಬೇರೆ ಸೀರೆ ಸುತ್ತಿಕೊಂಡು ಹೊಸ್ತಿಲು ದಾಟಿದೆ. ಪಾತ್ರೆಯಲ್ಲಿ ಉಳಿದಿದ್ದ ಹೆಸರುಬೇಳೆಯಿಂದ ಒಣಗದ ಅರಿವೆಯ ವಾಸನೆ ಬರುತ್ತಿತ್ತು. ಒಲೆಯ ಮೇಲಿನ ಹಲಗೆಯ ಫಳಿಯಲ್ಲಿ ಡಬ್ಬಿಗಳು ಸಾಲಾಗಿದ್ದವು. ಅಕ್ಕಿ, ಹೆಸರುಬೇಳೆ, ಜೀರಿಗೆ, ಬೆಲ್ಲ. ಕೊನೆಗೆ ಕಂದು ಬಣ್ಣದ ಉಪ್ಪಿನ ಬರಣಿ. ಮುಚ್ಚಳ ತೆಗೆದೆ. ಒಳಗೆ ಉಪ್ಪಿರಲಿಲ್ಲ. ಬಾಯಿಯ ತನಕ ಹತ್ತಿಯ ಹೂಬತ್ತಿ ತುಂಬಿದ್ದವು. ಒಂದೊಂದೂ ಬಿಳಿ, ಒಣಗಿದ್ದು, ಗರಿಗರಿ. ಮಳೆಗಾಲದಲ್ಲಿ ಉಪ್ಪಿನ ಪಸೆ ಸ್ವಲ್ಪವಿದ್ದರೂ ಅವು ಹಾಗಿರುತ್ತಿರಲಿಲ್ಲ. ಉಪ್ಪು ಖಾಲಿ ಮಾಡಿ ಬರಣಿಯನ್ನು ತೊಳೆದು ಒರೆಸಿ ಎಷ್ಟೋ ವಾರಗಳಾಗಿದ್ದವು.

ಅತ್ತೆ ಆ ಮಳೆಗಾಲದ ಎಲ್ಲ ವಾರಗಳನ್ನೂ ಐತವಾರ ಮಾಡಿಕೊಂಡಿದ್ದರು.

ಮ್ಯಾಡಮ್‌ಗೆ ಫೋನು ಹಚ್ಚಿದೆ. ಅತ್ತೆಯ ಬಿಪಿ ಗುಳಿಗೆಯ ಹೆಸರು ಓದಿಸಿಕೊಂಡರು.

"ಈ ಗುಳಿಗಿ ಮೂತ್ರದ ಜೋಡಿ ಉಪ್ಪನ್ನೂ ಹೊರಗ ಹಾಕತೈತಿ. ಉಪ್ಪು ತಿನ್ನೋರಿಗೆ ಚಲೋ ಔಷಧ. ಪೂರಾ ಬಿಟ್ಟೋರಿಗೆ… ಸಂಜಿಯೊಳಗ ಕರಕೊಂಡ ಬರ್ರಿ. ನಾಳೆ ಅನಬ್ಯಾಡ್ರಿ. ಫಿಟ್ಸ್ ಬಂದ್ರ ಕೈ ಮೀರತೈತಿ."

ಹೊರಗೆ ರಿಕ್ಷಾಕ್ಕೆ ಧ್ವನಿವರ್ಧಕದ ಭೋಂಗಾ ಕಟ್ಟಿಕೊಂಡು ಕೂಗುತ್ತ ಹೋಗುತ್ತಿದ್ದರು: ನೀರು ಏರುತ್ತಿದೆ, ಸಂಜೆಗೆ ಪೂಲು ಬಂದಾಗಬಹುದು. ನಮ್ಮವರು ಎಮ್ಮೆಗಳನ್ನು ಎತ್ತರದ ಕಡೆ ಕಟ್ಟಿ ಬಂದಿದ್ದರು. ಸುಮನ್ ಅಕ್ಕ ಮುಂಜಾನೆಯಿಂದ ನಮ್ಮಲ್ಲೇ ಇದ್ದರು. ವಿಷಯ ಹೇಳಿದೆ.

"ನಾಕ್ ದಿನಾ ಬಸ್ಸಿನ್ಯಾಗ ಓಡ್ಯಾಡಿ ಡಾಕ್ಟರ್ ಆದೇನ ನೀ?" ಎಂದರು ಅಕ್ಕ. "ಶಾಂತಾಗಿ ಕುಂತ ಜೀವಾ. ಅದಕ್ಕ ಸೂಜಿ ನಳಿಕಿ ಚುಚ್ಚಾಕ ಒಯ್ಯತಿ?"

"ಡಾಕ್ಟರ್ ಅಲ್ಲ ಅಕ್ಕಾ. ಆದ್ರ ಅತ್ತಿಗೆ ನನ್ನ ಗುರತ ಹತ್ತಲಿಲ್ಲ. ನಿಮ್ಮ ಗುರತರ ಹತ್ತತೈತೇನ, ಕೇಳ್ರಿ."

ಅಕ್ಕ ದುರುದುರು ನನ್ನನ್ನು ನೋಡಿ, ಒಳಗೆ ಹೋಗಿ ತಾಯಿಯ ಗದ್ದ ಹಿಡಿದರು. "ಅವ್ವಾ, ಇಲ್ಲಿ ನೋಡು. ನಾ ಯಾರ?"

ಅತ್ತೆ ನೋಡಿದರು. ನೋಡೇ ನೋಡಿದರು. "ಹಾಲಿನಾಕಿ" ಎಂದರು. "ಇವತ್ತ ಹಾಲ ಬ್ಯಾಡ."

ಅಕ್ಕನ ಮುಖ ನೋಡಲಾಗಲಿಲ್ಲ. ಆದರೂ ಅವರು ಇನ್ನೊಂದು ಮಾತು ಕೇಳಿದರು.

"ದವಾಖಾನಿಯಾಗ ಸಲಾಯಿನ್ ಹಚ್ಚತಾರ. ಸಲಾಯಿನ್ ಅಂದ್ರ ಉಪ್ಪಿನ ನೀರಲ್ಲೇನ? ಅವ್ವಾ ಬಿಟ್ಟ ಉಪ್ಪನ್ನ ನಾವು ಸೂಜಿಲೆ ಹೊಗಸಿದ್ರ ಆಕಿ ವ್ರತಾ ಮುರದಂಗ. ಆ ಪಾಪಾ ಯಾರ ತಲಿಗೆ?"

ನಮ್ಮವರು ಟವೆಲು ಹಿಂಡುತ್ತ ನಿಂತಿದ್ದರು. "ಮಾತಾಜಿಯವರನ್ನ ಕೇಳೂಣು" ಎಂದರು ಕಡೆಗೆ. ಅತ್ತೆಯ ಬಳಿ ಅವರನ್ನೇ ಬಿಟ್ಟು, ಅಕ್ಕನೂ ನಾನೂ ಮಳೆಯಲ್ಲೇ ಬಸದಿಗೆ ಓಡಿದೆವು.

ಮಾತಾಜಿ ನನ್ನ ಮಾತು ಪೂರ್ತಿ ಕೇಳಿದರು. ಅಕ್ಕನ ಪ್ರಶ್ನೆಯನ್ನೂ ಕೇಳಿದರು.

"ಉಪ್ಪು ಬಿಡತೇನಂತ ನನ್ನ ಮುಂದ ಆಕಿ ಹೇಳಿಲ್ಲ. ನಾ ಕೊಟ್ಟ ವ್ರತಾ ಅಲ್ಲ ಇದು" ಎಂದರು. ಅಕ್ಕ ಬೆರಗಾಗಿ ತಲೆ ಎತ್ತಿದರು. "ಇನ್ನ ಸಲ್ಲೇಖನದ ಮಾತು. ಅದಕ್ಕ ಮೊದಲ ಬೇಕಾದ್ದು ಎಚ್ಚರಾ. ಹೆತ್ತ ಮಗಳನ್ನ ಹಾಲಿನಾಕಿ ಅನ್ನಾಕಿಗೆ ಯಾವ ಸಲ್ಲೇಖನಾ? ವ್ರತಾ ಹಿಡದ ಹೆಣಮಗಳು ಈಗ ಮನಿಯಾಗ ಇಲ್ಲ. ಮೊದಲ ಆಕಿನ್ನ ಕರಕೊಂಡ ಬರ್ರಿ. ಮುರದೈತೋ ಇಲ್ಲೋ, ಆಮ್ಯಾಲ ಆಕಿನ್ನೇ ಕೇಳೂಣು. ಹೋಗ್ರಿ, ನೀರ ಏರಾಕತ್ತೈತಿ."

ರಿಕ್ಷಾ ಹಿಡಿದುಕೊಂಡು ಬಂದವರು ಸುಮನ್ ಅಕ್ಕನೇ. ತಾಯಿಯನ್ನು ಮಗುವಿನಂತೆ ತೊಡೆಯ ಮೇಲೆ ಮಲಗಿಸಿಕೊಂಡು ಪೂಲು ದಾಟಿಸಿದವರೂ ಅವರೇ. ಕೆಳಗೆ ನೀರು ಭೋರೆನ್ನುತ್ತಿತ್ತು.

ಸೋಡಿಯಂ ನೂರಾ ಮೂವತ್ತೈದರ ಮೇಲಿರಬೇಕು. ಅತ್ತೆಯದು ನೂರಾ ಹತ್ತರ ಆಸುಪಾಸು ಇತ್ತು. ರಿಪೋರ್ಟು ನೋಡಿದ ಡಾಕ್ಟರು ಒಮ್ಮೆ ಅತ್ತೆಯ ಕಡೆ, ಒಮ್ಮೆ ನಮ್ಮ ಕಡೆ ನೋಡಿದರು. ಇಂಥ ಅಂಕಿಯಲ್ಲಿ ಇವರು ಗೋಡೆಗೊರಗಿ ಕೂತಿದ್ದರೇ ಎಂದು ಅವರಿಗೇ ಆಶ್ಚರ್ಯ. ನಾವು ಅದನ್ನು ಪುಣ್ಯವೆಂದು ಕಾಲು ಮುಟ್ಟಿಸುತ್ತಿದ್ದೆವು. ಒಮ್ಮೆಲೇ ಏರಿಸಿದರೆ ಮಿದುಳಿಗೆ ಪೆಟ್ಟು, ಆದ್ದರಿಂದ ಉಪ್ಪಿನ ನೀರು ಹನಿಹನಿಯಾಗಿ ಹೋಗತೊಡಗಿತು. ಸಂಜೆ ಪೂಲು ಬಂದಾಯಿತು. ನಮ್ಮವರು ಆಚೆ, ನಾವು ಈಚೆ.

ಮನೆಗೆ ಹೋಗುವಂತಿಲ್ಲದ ಆ ದಿನಗಳಲ್ಲಿ ನಾನು ಅಡಿಗೆಮನೆಗೂ ವಾರ್ಡಿಗೂ ನಡುವೆ ಓಡಾಡಿದೆ. ಶೀತಲ್ ನನ್ನ ಪಾಲಿನ ತೂಕ ಅಳತೆಯನ್ನೂ ತಾನೇ ಮಾಡುತ್ತಿದ್ದಳು. ಒಂದು ಮಧ್ಯಾಹ್ನ ಅಂಗಡಿಗೆ ಹೋಗಿ, ತಲೆಯಿಂದ ನೀರು ಸುರಿಯುತ್ತ ವಾರ್ಡಿಗೆ ಬಂದೆ. ಅತ್ತೆ ದಿಂಬಿಗೊರಗಿ ಕೂತಿದ್ದರು. ನನ್ನನ್ನು ಮೇಲಿಂದ ಕೆಳಗೆ ನೋಡಿ ಹುಬ್ಬು ಗಂಟಿಕ್ಕಿದರು.

"ಛತ್ರಿ ಎಲ್ಲಿ ಕಳಕೊಂಡಿ?"

ನಾನು ಅಲ್ಲೇ, ಪಕ್ಕದ ಹಾಸಿಗೆಯವರೆಲ್ಲ ನೋಡುತ್ತಿರುವಾಗಲೇ, ಬಾಯಿಗೆ ಸೆರಗೊತ್ತಿಕೊಂಡು ಅತ್ತುಬಿಟ್ಟೆ.

ಸಂಜೆಗೆ ಮುಂಚೆ ಮ್ಯಾಡಮ್ ಗೊತ್ತುಮಾಡಿದ ಬೇಳೆ ಬಂತು, ಉಪ್ಪು ಹಾಕಿದ್ದು. ಚಮಚ ಬಾಯಿಯ ಹತ್ತಿರ ಒಯ್ದೆ. ಅತ್ತೆ ವಾಸನೆ ಹಿಡಿದು ಬಾಯಿಗೆ ಅಂಗೈ ಅಡ್ಡ ಹಿಡಿದರು.

"ಉಪ್ಪೈತೇನ? ಬ್ಯಾಡ. ನಿನ್ನ ಪರೀಕ್ಷಾ ಆಗೂತನಾ ಬಿಟ್ಟೇನಿ."

"ಯಾರ ಪರೀಕ್ಷಾರಿ?"

"ನಿಂದ. ಇನ್ನ್ಯಾರದು? ಈ ವಯಸ್ಸಿನ್ಯಾಗ ಹುಡುಗ್ಯಾರ ಜೋಡಿ ಕುಂತ ಬರೆಯಾಕಿ. ನಪಾಸಾದ್ರ ಓಣ್ಯಾಗ ಹೆಂಗ ಮಾರಿ ತೋರಸ್ತಿ?" ಎಂದು ಸುತ್ತ ನೋಡಿ ದನಿ ತಗ್ಗಿಸಿದರು. "ಫಲಾ ಬೇಡಿ ವ್ರತಾ ಹಿಡೀಬಾರದು, ದೋಷಾ. ಗೊತ್ತಿದ್ದೇ ಹಿಡದೆ. ಅದಕ್ಕ ಮಾತಾಜಿ ಮುಂದೂ ಬಾಯಿ ಬಿಡಲಿಲ್ಲ."

ಚಮಚ ನನ್ನ ಕೈಯಲ್ಲೇ ಉಳಿಯಿತು. ಎಲ್ಲ ಬಿಟ್ಟವರೆಂದು ಊರೆಲ್ಲ ಇವರ ಕಾಲು ಮುಟ್ಟಿತ್ತು. ಇವರು ಬಿಡಲಾರದೆ ಹಿಡಿದುಕೊಂಡಿದ್ದದ್ದು ನನ್ನನ್ನು. ಸೊಸೆ ಊಟದ ವಿದ್ಯೆಯಲ್ಲಿ ಪಾಸಾಗಲೆಂದು ತಮ್ಮ ಊಟದ ಉಪ್ಪು ಬಿಟ್ಟಿದ್ದರು. ಅಕ್ಕ ಕಿಟಕಿಯ ಕಡೆ ತಿರುಗಿ ನಿಂತರು.

ಮ್ಯಾಡಮ್ ಪಕ್ಕದಲ್ಲೇ ಇದ್ದರು. ಬಗ್ಗಿ, "ಅಜ್ಜೀ, ಪರೀಕ್ಷಾ ತಗೊಳ್ಳಾಕಿ ನಾನ. ಆಕಿ ಪ್ರಶ್ನೆಪತ್ರಿಕಿ ನೀವ. ನೀವು ಉಂಡು ಎದ್ದ ನಿಂತ್ರ ಆಕಿ ಪಾಸು" ಎಂದರು.

"ಖರೇನ?" ಅತ್ತೆ ನನ್ನನ್ನೊಮ್ಮೆ ಅವರನ್ನೊಮ್ಮೆ ನೋಡಿದರು. ಕೈ ಜೋಡಿಸಿ ಕಣ್ಣು ಮುಚ್ಚಿ ಏನೋ ಹೇಳಿಕೊಂಡರು. ಬಾಯಿ ತೆರೆದರು. ಎರಡು ಚಮಚ ಹೋಯಿತು. ಮೂರನೆಯದಕ್ಕೆ ಮುಖ ಕಿವುಚಿದರು.

"ಉಪ್ಪ ಜಾಸ್ತಿ ಆಗೇತಿ. ಇದನ್ನ ಕಲಿಯಾಕ ಇಷ್ಟ ದೂರ ಬರ್ತಿಯೇನ?"

ನೀರು ಇಳಿದ ಮೇಲೆ ಮನೆಗೆ ಹೋದೆವು. ಡಾಕ್ಟರು ಗುಳಿಗೆ ಬದಲಿಸಿದ್ದರು. ಅಂಗಳದಲ್ಲಿ ಕೆಸರು, ಕೊಟ್ಟಿಗೆಯಲ್ಲಿ ಕೆಸರು. ದೇವರ ಗೂಡಿನ ಪಕ್ಕ ಆ ಬಿಳಿ ಸೀರೆ ಮಾತ್ರ ಇಟ್ಟ ಹಾಗೇ ಇತ್ತು. ಅತ್ತೆಯ ಕಣ್ಣು ಮೊದಲು ಅಲ್ಲಿಗೇ ಹೋಯಿತು.

"ಇದ ಯಾರದು?"

ಸುಮನ್ ಅಕ್ಕ ತಲೆ ತಗ್ಗಿಸಿ, "ನಿನಗಂತ… ನಾನ ತಂದಿದ್ನಿ ಅವ್ವಾ" ಎಂದರು.

ಅತ್ತೆ ಸೀರೆಯ ಅಂಚನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿದರು. ಅವರಿಗೆ ಎಲ್ಲ ತಿಳಿಯಿತೆಂದು ನಮಗೆ ತಿಳಿಯಿತು. ಮಗಳ ಬಾಗಿದ ತಲೆಯನ್ನು ಸ್ವಲ್ಪ ಹೊತ್ತು ನೋಡಿ, "ಅರಿವಿ ಗಟ್ಟಿ ಐತಿ. ಕತ್ರಿ ತಾ" ಎಂದರು ನನಗೆ.

ಪಡಸಾಲೆಯಲ್ಲಿ ಕೂತು ಅದನ್ನು ಚೌಕ ಚೌಕ ಕತ್ತರಿಸಿ, ಎರಡು ಪದರು ಮಾಡಿ ಅಂಚು ಹೊಲಿದರು. ನೀರು ಸೋಸುವ ಬಟ್ಟೆಗಳು. ಮೊದಲನೆಯದನ್ನು ಅಕ್ಕನ ಕೈಗಿಟ್ಟರು. ಹಾಲಿನಾಕಿಯ ಕಥೆಯನ್ನು ವಾರ್ಡಿನಲ್ಲೇ ನಾನು ಅವರಿಗೆ ಹೇಳಿದ್ದೆ.

"ತಗೋ ಹಾಲಿನಾಕಿ. ಹಾಲಿಗೆ ನೀರ ಹಾಕೂಮುಂದ ಸೋಸಿ ಹಾಕ."

ಅಕ್ಕ ನಗಲು ಹೋಗಿ ತಾಯಿಯ ಮಡಿಲಲ್ಲಿ ಮುಖ ಮುಚ್ಚಿಕೊಂಡರು.

ಪರೀಕ್ಷೆ ಪಾಸಾದೆ. ಈಗ ಸಾಂಗ್ಲಿಯ ಒಂದು ಸಣ್ಣ ದವಾಖಾನೆಯಲ್ಲಿ ಕೂತು ಬಂದವರನ್ನು ನಿನ್ನೆ ಏನು ಉಂಡಿರಿ ಎಂದು ಕೇಳುತ್ತೇನೆ. ಏನು ಬಿಟ್ಟಿದ್ದೀರಿ ಎಂದೂ ಕೇಳುತ್ತೇನೆ. ಹಿತ್ತಲ ಕೋಣೆಯಲ್ಲಿ ಈಗ ಅತ್ತೆಗೆ ಅಡಿಗೆ ಮಾಡುವವಳು ನಾನೇ.

ಶಾಂತಕ್ಕನ ಸ್ಕ್ಯಾನಿಂಗ್ ಮುಗಿಸಿಕೊಂಡು ಮನೆಗೆ ಬಂದಾಗ ಹೊತ್ತು ಇಳಿಯುತ್ತಿತ್ತು. ಮಿಂದೆ, ಸೀರೆ ಬದಲಿಸಿದೆ, ಹೊಸ್ತಿಲು ದಾಟಿದೆ. ನಲ್ಲಿಯ ಬಾಯಿಗೆ ಕಟ್ಟಿದ ಬಿಳಿ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಕಂದು ಬರಣಿಯ ಮುಚ್ಚಳ ತೆಗೆದು ಒಳಗೆ ಕೈಹಾಕಿದೆ. ದಿನವೂ ಹೀಗೆ ಮಾಡುತ್ತೇನೆ.

"ಏನ ಹುಡಕಾಕತ್ತಿ ಅಲ್ಲೆ?" ಎಂದು ಅತ್ತೆ ಪಡಸಾಲೆಯಿಂದ ಕೂಗಿದರು.

"ಏನಿಲ್ಲರಿ ಅತ್ತೀ."

"ನಾಳೆ ಐತವಾರ, ನೆನಪೈತಿಲ್ಲ? ಇವತ್ತ ಸರಿ ಹಾಕ. ಸಪ್ಪಗ ಮಾಡಿಟ್ಟಿ ಮತ್ತ."

ಮಳೆಗಾಲದ ಉಪ್ಪು ತಂಪಾಗಿ ಬೆರಳಿಗೆ ಅಂಟಿತು.